ಕಾಕು ಕಲಿತ ಕ್ಷೌರ

ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಇಡಬಾರದು ಎಂದು ಗಟ್ಟಿಯಾಗಿ ನಂಬಿದ್ದ ಕಾಕು, ಗಂಡನ ಗಂಟಲ ಮೇಲೆ ಕತ್ತಿ ಆಡಿಸುವಾಗ ಒಂದು ದಿನವೂ ಕೈ ನಡುಗಿಸಿದವರಲ್ಲ. ಹೋದ ತಿಂಗಳು ಹುಮನಾಬಾದಿನಲ್ಲಿ, ಮಗಳ ಮನೆಯಲ್ಲಿ ಕಾಕು ತೀರಿಕೊಂಡರು. ಮಣ್ಣು ಕೊಟ್ಟು ಬಂದು, ಸ್ನಾನ ಮಾಡಿ, ಮನೆಯ ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಹೆಂಡತಿ ಚಹಾ ತಂದಿಟ್ಟಳು, ಅದು ಆರಿತು. ನನ್ನ ಎಡಗೆನ್ನೆಯ ಮೇಲೆ ಯಾರೋ ಅಂಗೈ ಇಟ್ಟು ಚರ್ಮವನ್ನು ಮೆಲ್ಲಗೆ ಮೇಲಕ್ಕೆ ಎಳೆದು ಹಿಡಿದ ಹಾಗೆ ಅನ್ನಿಸುತ್ತಿತ್ತು. ಈ ವಯಸ್ಸಿನಲ್ಲಿ ಹೇಳಿಕೊಂಡರೆ ಜನ ನಗುತ್ತಾರೆ. ನಗಲಿ.

ನಮ್ಮ ಕಡೆ ಕಾಕು ಅಂದರೆ ಚಿಕ್ಕಮ್ಮ. ನನಗೆ ಅವರು ರಕ್ತಸಂಬಂಧದಿಂದ ಏನೂ ಆಗಬೇಕಾಗಿರಲಿಲ್ಲ. ನಾನು ಬಾಡಿಗೆಗಿದ್ದ ಮನೆಯ ಮಾಲಕರ ಹೆಂಡತಿ, ಅಷ್ಟೇ. ಮಾಲಕರನ್ನು ಓಣಿಯವರೆಲ್ಲ ಕಾಕಾ ಅನ್ನುತ್ತಿದ್ದರು, ಹಾಗಾಗಿ ಇವರು ಕಾಕು ಆದರು.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನನಗೆ ಬಸವಕಲ್ಯಾಣದಲ್ಲಿ ಕನ್ನಡ ಮಾಸ್ತರಿಕೆ ಸಿಕ್ಕಿತು. ನಾನು ಬೇಮಳಖೇಡದವನು. ತೊಟ್ಟಿಲಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಕೈಯಲ್ಲಿ ಬೆಳೆದವನು. ನಮ್ಮೂರಲ್ಲಿ ಕ್ಷೌರದವ ವಾರಕ್ಕೊಮ್ಮೆ ಕಟ್ಟೆಗೆ ಬರುತ್ತಿದ್ದ. ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮುಖ ಅವನ ಕೈಗೆ ಕೊಟ್ಟು ಕಣ್ಣು ಮುಚ್ಚಿದರೆ ಕೆಲಸ ಮುಗಿಯುತ್ತಿತ್ತು. ತನ್ನ ದಾಡಿ ತಾನೇ ಮಾಡಿಕೊಳ್ಳುವ ಗಂಡಸನ್ನು ನಾನು ಕಂಡೇ ಇರಲಿಲ್ಲ. ಆದರೆ ನಮ್ಮ ಹೆಡ್‌ಮಾಸ್ತರರು ಶಿಸ್ತಿನ ಮನುಷ್ಯ, ಮಾಸ್ತರರ ಗಲ್ಲ ದಿನಾ ನುಣ್ಣಗಿರಬೇಕು ಎನ್ನುವವರು. ಹೈದರಾಬಾದಿನ ಕಚೇರಿಯೊಂದರಲ್ಲಿ ನೌಕರಿ ಮಾಡಿ ಬಂದಿದ್ದ ನನ್ನ ಸೋದರಮಾವನಿಗೆ ಇದು ತಿಳಿದು, ತಾನು ಬಳಸುತ್ತಿದ್ದ ಉಸ್ತರಾ, ಅಂದರೆ ಹಿಡಿಯೊಳಗೆ ಮಡಚುವ ಕ್ಷೌರದ ಕತ್ತಿ, ಮತ್ತು ಅದನ್ನು ಮಸೆಯುವ ಚರ್ಮದ ಪಟ್ಟಿ ಎರಡನ್ನೂ ನನಗೆ ಕೊಟ್ಟುಬಿಟ್ಟ. ಪಾಠವನ್ನೂ ಹೇಳಿದ, ಆದರೆ ಬಸ್ಸು ಹೊರಡುವ ಗಡಿಬಿಡಿಯಲ್ಲಿ. ಪಟ್ಟಿಯ ಮೇಲೆ ಕತ್ತಿಯ ಬೆನ್ನು ಮುಂದೆ ಹೋಗಬೇಕೋ ಅಲಗು ಮುಂದೆ ಹೋಗಬೇಕೋ ಎನ್ನುವುದು ಬಸ್ಸಿನ ಹೊಗೆಯಲ್ಲಿ ಹಾರಿಹೋಯಿತು.

ಹಾಗಾಗಿ ನನ್ನ ಮೊದಲ ದಿನಗಳು ರಕ್ತಮಯವಾಗಿದ್ದವು. ಅಂಗಳದ ಕಂಬಕ್ಕೆ ಪಟ್ಟಿಯ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು ಬೆಳಿಗ್ಗೆ ಕತ್ತಿ ಮಸೆಯುತ್ತಿದ್ದೆ. ಪಟ್ಟಿ ಜೋತುಬಿದ್ದಿರುತ್ತಿತ್ತು, ನಾನು ಮಾತ್ರ ಜೋರಾಗಿ ಒತ್ತುತ್ತಿದ್ದೆ. ಆಮೇಲೆ ಗಲ್ಲಕ್ಕೆ ಸಾಬೂನಿನ ನೊರೆ ಬಳಿದು ಕನ್ನಡಿ ಮುಂದೆ ನಿಂತರೆ ಕೂದಲು ಹೋಗುತ್ತಿರಲಿಲ್ಲ, ಚರ್ಮ ಹೋಗುತ್ತಿತ್ತು. ಗಾಯಕ್ಕೆ ಪಟಿಕ ಒತ್ತಿಕೊಂಡು, ಅದರ ಮೇಲೆ ಕಾಗದದ ಚೂರು ಅಂಟಿಸಿಕೊಂಡು ಶಾಲೆಗೆ ಹೋದರೆ ಮಕ್ಕಳಿಗೆ ಕಾಗುಣಿತಕ್ಕಿಂತ ನನ್ನ ಮುಖ ಓದುವುದರಲ್ಲೇ ಆಸಕ್ತಿ.

ಕಾಕು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ತೊಗರಿಬೇಳೆ ಆರಿಸುತ್ತ ಇದೆಲ್ಲವನ್ನೂ ನೋಡುತ್ತಿದ್ದರು. ಹೊಸದಾಗಿ ಬಂದ ಪರಪುರುಷನ ಜೊತೆ ಮಾತಾಡಬಾರದೆಂದು ಬಹಳ ದಿನ ತಡೆದುಕೊಂಡರು. ಒಂದು ದಿನ ತಡೆಯಲಾಗಲಿಲ್ಲ.

"ಮಾಸ್ತರ, ಅದೇನು ಎಮ್ಮಿ ಮೈ ತಿಕ್ಕಿದಂಗ ತಿಕ್ಕಾಕತ್ತೀರಿ?"

ಅವರು ನನಗೆ ಆಡಿದ ಮೊದಲ ಮಾತು ಅದು. ಆಗ ಅವರಿಗೆ ನಲವತ್ತರ ಹತ್ತಿರ ವಯಸ್ಸು. ಕುಳ್ಳು, ಗಟ್ಟಿ ಮೈಕಟ್ಟು, ಹಣೆಯ ತುಂಬ ವಿಭೂತಿ. ನಕ್ಕರೆ ಸೆರಗು ಬಾಯಿಗೆ ಬರುತ್ತಿತ್ತು, ಸಿಟ್ಟು ಬಂದರೆ ಸೊಂಟಕ್ಕೆ ಹೋಗುತ್ತಿತ್ತು. ಸೆರಗು ಎಲ್ಲಿದೆ ಎಂದು ನೋಡಿಕೊಂಡು ಮಾತಾಡಿಸಬೇಕು ಎಂದು ಕಾಕಾ ನನಗೆ ಬುದ್ಧಿ ಹೇಳಿದ್ದರು.

ಕಾಕಾ ಎತ್ತರದ ಆಳು. ಗಿರಿಜಾ ಮೀಸೆ, ಜರಿಯಂಚಿನ ರುಮಾಲು. ಕೋಟೆಯ ಕಡೆ ಹೋಗುವ ದಾರಿಯಲ್ಲಿ ಕಿರಾಣಿ ಅಂಗಡಿ, ನಾರಾಯಣಪುರದಲ್ಲಿ ಹೊಲ. ಅಂಗಡಿಗೆ ಬಂದವರನ್ನು ನಗಿಸದೆ ಕಳಿಸಿದವರಲ್ಲ. ನಾನು ಆ ಮನೆಗೆ ಹೋದ ವರ್ಷವೇ ಒಂದು ಮಧ್ಯಾಹ್ನ ತಕ್ಕಡಿ ಹಿಡಿದವರು ಹಾಗೇ ಕುಸಿದರು. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಕಾಲೂ ಮೆಲ್ಲಗೆ ಬಂತು, ಮಾತು ತೊದಲುತ್ತ ಬಂತು. ಬಲಗೈ ಮಾತ್ರ ತೊಡೆಯ ಮೇಲೆ ಬಿದ್ದೇ ಇತ್ತು. ಮುಖದ ಬಲಭಾಗ ಜೋತುಬಿದ್ದು, ಬಾಯಿ ಒಂದು ಕಡೆಗೆ ವಾಲಿ, ಆ ಮೀಸೆಯ ಒಂದು ತುದಿ ಮೇಲೆ ಒಂದು ತುದಿ ಕೆಳಗೆ ಆಗಿ ಹೋಯಿತು.

ಊರನ್ನೇ ನಗಿಸುತ್ತಿದ್ದ ಮನುಷ್ಯ ಪಡಸಾಲೆಯ ಹೊರಸಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಯಾರೂ ತಮ್ಮ ಮುಖ ನೋಡಬಾರದು. ನೆಂಟರು ಬಂದರೆ ಕಂಬಳಿ ಹೊದ್ದುಕೊಳ್ಳುವರು. ಓಣಿಯ ಕ್ಷೌರದವ ಎಂದಿನಂತೆ ಪೆಟ್ಟಿಗೆ ಹಿಡಿದು ಬಂದಾಗ ಬಾಗಿಲಿಂದಲೇ ಹೊರಗೆ ಕಳಿಸಿದರು. ಅವನು ಒಳ್ಳೆಯವನೇ. ಆದರೆ ಒಂದು ಮನೆಯ ದಾಡಿ ತೆಗೆದು ಇನ್ನೊಂದು ಮನೆಗೆ ಹೋಗುವಾಗ ಮೊದಲ ಮನೆಯ ಸುದ್ದಿಯನ್ನೂ ಒಯ್ಯುತ್ತಿದ್ದ. ತಮ್ಮ ಸೊಟ್ಟ ಬಾಯಿ ಓಣಿಯ ಕಟ್ಟೆಗಳ ಮೇಲೆಲ್ಲ ಮೆರವಣಿಗೆ ಹೋಗುವುದು ಕಾಕಾಗೆ ಬೇಡವಾಗಿತ್ತು. ದಾಡಿ ಬೆಳೆಯಿತು. ಗಂಜಿ, ಎಲೆಯಡಿಕೆ ಎಲ್ಲ ಅದರೊಳಗೆ ಸೇರಿ, ಕಾಕು ಎಷ್ಟು ಒರೆಸಿದರೂ ವಾಸನೆ ಹೋಗದಾಯಿತು.

ಇಂಥ ಹೊತ್ತಿನಲ್ಲಿ ಹುಮನಾಬಾದಿನಿಂದ ಮಗಳಿಗೆ ಸಂಬಂಧ ಬಂತು. ಇವರಿಗೆ ಇದ್ದವಳು ಅವಳೊಬ್ಬಳೇ. ದವಸದ ವ್ಯಾಪಾರ ಮಾಡುವ ಮನೆತನ, ಹುಡುಗ ಒಳ್ಳೆಯವನು. ಹೋಳಿ ಹುಣ್ಣಿಮೆ ಕಳೆದ ಮೇಲೆ ಬಂದು ನಿಶ್ಚಯ ಮಾಡಿಕೊಂಡು ಹೋಗುತ್ತೇವೆ ಎಂದು ಹೇಳಿ ಕಳಿಸಿದ್ದರು. ಕಾಕಾಗೆ ಏನೋ ಆಗಿದೆ ಎಂಬ ಸುದ್ದಿ ಆಗಲೇ ಅಲ್ಲಿಗೂ ಮುಟ್ಟಿತ್ತು. ಬುದ್ಧಿ ಕೆಟ್ಟಿದೆ ಎನ್ನುವವರು ಕೆಲವರು, ಆ ಮನೆಯ ರಕ್ತದಲ್ಲೇ ಇದೆ ಎನ್ನುವವರು ಕೆಲವರು. ಹೆಣ್ಣಿನ ತಂದೆ ನಾಲ್ಕು ಜನರ ಎದುರು ಕುಳಿತು ಎಲೆಯಡಿಕೆ ಬದಲಾಯಿಸದಿದ್ದರೆ ಆ ಮಾತೇ ಖರೆ ಆಗುತ್ತಿತ್ತು. ತಮ್ಮ ಬದಲು ಕಾಕುವಿನ ಅಣ್ಣ ಕೂರಲಿ ಎಂದು ಕಾಕಾ ಗೋಡೆಗೆ ಹೇಳಿದರು. ತಂದೆ ಜೀವಂತ ಇರುವಾಗ ಇನ್ನೊಬ್ಬರು ಕೂರುವುದು ಹೇಗೆ ಎಂದು ಕಾಕು ಹೊರಸಿನ ಈಚೆ ನಿಂತು ಕೇಳಿದರು. ಆ ದಿನ ಸೆರಗು ಸೊಂಟದಲ್ಲಿತ್ತು.

ಮರುದಿನ ಬೆಳಿಗ್ಗೆ ನಾನು ಪಟ್ಟಿ ಬಿಚ್ಚುತ್ತಿರುವಾಗ ಅವರು ಕಂಬದ ಹತ್ತಿರ ಬಂದು, ಆ ಕತ್ತಿ ಹಿಡಿಯುವುದನ್ನು ತಮಗೆ ಕಲಿಸಬೇಕು ಅಂದರು. ಕಲಿಸಲು ಮೊದಲು ನನಗೆ ಬರಬೇಕಲ್ಲ ಅಂದೆ.

"ಬರೂದಿಲ್ಲಂತ ಗೊತ್ತದ್ರಿ. ದಿನಾ ನಿಮ್ಮ ಮಾರಿ ನೋಡ್ತೀನಲ್ಲ. ಇಬ್ಬರೂ ಕೂಡಿ ಕಲಿತ್ರಾಯ್ತು."

ಹೆಂಗಸು ಕ್ಷೌರದ ಕತ್ತಿ ಮುಟ್ಟುವುದು ಅಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಚರ್ಮ ಮುಟ್ಟಿದರೆ ಮೈಲಿಗೆ ಎನ್ನುವುದು ಬೇರೆ. ಕಾಕು ಅದಕ್ಕೊಂದು ದಾರಿ ಮಾಡಿಕೊಂಡರು. ಏಳುತ್ತಲೇ ಕತ್ತಿಯ ಕೆಲಸ, ಆಮೇಲೆ ಸ್ನಾನ, ಆಮೇಲೆ ಲಿಂಗಪೂಜೆ, ಆಮೇಲೆ ಅಡುಗೆ. ಶಿವನಿಗೆ ಸ್ನಾನದ ಹಿಂದಿನದು ಲೆಕ್ಕಕ್ಕಿಲ್ಲ ಎಂದು ಅವರೇ ತೀರ್ಪು ಕೊಟ್ಟುಕೊಂಡರು.

ಕಲಿಕೆ ಶುರುವಾಯಿತು, ಅನಾಹುತಗಳೂ ಶುರುವಾದವು. ಪಟ್ಟಿ ಒಣಗಿ ಬಿರಿದಿದೆ ಎಂದು ಕಾಕುಗೆ ಅನ್ನಿಸಿತು. ಚಪ್ಪಲಿಗೆ, ಎತ್ತಿನ ಕೊರಳಪಟ್ಟಿಗೆ ನಮ್ಮ ಕಡೆ ಕುಸುಬಿ ಎಣ್ಣೆ ತಿಕ್ಕುವುದು ರೂಢಿ. ಅವರು ನನ್ನ ಮಾವನ ಪಟ್ಟಿಗೂ ಧಾರಾಳವಾಗಿ ತಿಕ್ಕಿ ಕಂಬಕ್ಕೆ ತೂಗುಹಾಕಿದರು. ಬೆಳಗಾಗುವುದರಲ್ಲಿ ಇಲಿಗಳು ಹಬ್ಬ ಮಾಡಿದ್ದವು. ಕಂಬದಲ್ಲಿ ಗಂಟು ಮಾತ್ರ ಉಳಿದಿತ್ತು. ಕಾಕು ಗಂಟು ನೋಡಿದರು, ನನ್ನನ್ನು ನೋಡಿದರು, ಸೆರಗು ಬಾಯಿಗೆ ಹೋಯಿತು.

ಹೊಸ ಪಟ್ಟಿಗೆ ಹೈದರಾಬಾದಿಗೆ ಹೋಗುವವರಾರು? ನಾರಾಯಣಪುರದ ಹೊಲದ ಬಾವಿಗೆ ಎತ್ತುಗಳಿಂದ ನೀರೆಳೆಯುವ ಮೋಟು ಇತ್ತು, ಅಂದರೆ ದೊಡ್ಡ ಚರ್ಮದ ಚೀಲ. ಹಳೆಯದು ಹರಿದು ಮೂಲೆ ಸೇರಿತ್ತು. ಅದರಿಂದ ಒಂದು ಉದ್ದ ಪಟ್ಟಿ ಕೊಯ್ಯಿಸಿ ತರಿಸಿದರು. ಎಷ್ಟೋ ವರ್ಷ ನೀರಲ್ಲಿ ಮುಳುಗಿ ಎದ್ದ ಚರ್ಮ, ಒಣಗಿಸಿ ತಟ್ಟಿ ಕಲ್ಲಿನಿಂದ ಉಜ್ಜಿದ ಮೇಲೆ ಮಾವನ ಪಟ್ಟಿಗಿಂತ ನುಣುಪಾಯಿತು. ಅದರ ಮೇಲೆ ನಾವಿಬ್ಬರೂ ತಪ್ಪು ಮಾಡುತ್ತ ಕಲಿತೆವು. ಅಲಗು ಮುಂದಾಗಿ ಎಳೆದರೆ ಪಟ್ಟಿಯೇ ಕೊಯ್ಯುತ್ತದೆ ಎಂದು ಕೊಯ್ದ ಮೇಲೆ ತಿಳಿಯಿತು. ಬೆನ್ನು ಮುಂದೆ ಹೋಗಬೇಕು, ಅಲಗು ಹಿಂದೆ ಬರಬೇಕು, ತುದಿ ಮುಟ್ಟಿದ ಮೇಲೆ ಬೆನ್ನಿನ ಮೇಲೇ ಹೊರಳಿಸಿ ವಾಪಸು ತರಬೇಕು, ಪಟ್ಟಿ ಬಿಗಿಯಾಗಿರಬೇಕು, ಕೈ ಹಗುರ ಇರಬೇಕು. ಇದು ಕೈಗೆ ಹತ್ತಿದ ದಿನ ಕಾಕು, ಇದೂ ನಮ್ಮ ಸಂಸಾರ ಇದ್ದ ಹಾಗೇ ಇದೆ, ಮುಂದೆ ಹೋಗುವವನಿಗೆ ಹೆಸರು, ಹಿಂದೆ ಬರುವವಳಿಂದ ಕೆಲಸ ಅಂದರು. ಕಾಕಾ ಗೋಡೆ ಕಡೆ ಇದ್ದರೂ ಕಿವಿ ಈ ಕಡೆ ಇತ್ತೆಂದು ನನ್ನ ಗುಮಾನಿ.

ಕತ್ತಿ ಹರಿತವಾಗಿದೆಯೇ ಎಂದು ನೋಡಲು ಅವರದೇ ಒಂದು ರೀತಿ ಇತ್ತು. ತಲೆಯಿಂದ ಒಂದು ಉದ್ದ ಕೂದಲು ಎಳೆದು, ತುದಿ ಹಿಡಿದು ಜೋತುಬಿಟ್ಟು ಅಲಗಿಗೆ ತಾಗಿಸುವರು. ಕೂದಲು ಸದ್ದಿಲ್ಲದೆ ತುಂಡಾಗಿ ಬಿದ್ದರೆ ಸರಿ. ಬೀಳದಿದ್ದರೆ ಮತ್ತೆ ಪಟ್ಟಿ. ಹೀಗೆ ಕಲಿಯುವ ಹೊತ್ತಿಗೆ ತಮ್ಮ ಅರ್ಧ ಜಡೆ ಹೋಯಿತು ಎಂದು ಮಗಳ ಹತ್ತಿರ ಗೊಣಗುತ್ತಿದ್ದರು.

ಕೈ ಪಳಗಿಸಿಕೊಳ್ಳಲು ಒಂದು ಕುಂಬಳಕಾಯಿ ತಂದು ಸಾಬೂನಿನ ನೊರೆ ಬಳಿದದ್ದೂ ಆಗಲೇ. ನೊರೆ ಮಾತ್ರ ಬರಬೇಕು, ಸಿಪ್ಪೆಗೆ ಗೀರು ಬೀಳಬಾರದು, ಅದು ಪರೀಕ್ಷೆ. ಕಾಕು ಕತ್ತಿ ಎತ್ತಿದವರು ಹಾಗೇ ಇಳಿಸಿದರು. ಮೊದಲು ಗಂಡಸರು ಕತ್ತಿ ತಾಗಿಸಬೇಕು ಎಂದು ಶಾಲೆಗೆ ಹೊರಟಿದ್ದ ನನ್ನನ್ನು ವಾಪಸು ಕರೆದರು. ಗಂಡನ ಗಂಟಲಿಗೆ ಇಡಲು ಹೊರಟವರಿಗೆ ಕುಂಬಳಕಾಯಿಯ ಭಯವೇ ಅಂದೆ. ಅದು ಶಾಸ್ತ್ರ, ಇದು ಕೆಲಸ ಅಂದರು. ನಾನು ಕುಂಬಳಕಾಯಿಗೆ ಒಂದು ಗೀರು ಹಾಕಿ ಶಾಲೆಗೆ ಓಡಿದೆ.

ಆಮೇಲೆ ನನ್ನ ಸರದಿ. ಕುಂಬಳಕಾಯಿಗೆ ಮೂಗು ತುಟಿ ಇರುವುದಿಲ್ಲವಾದ್ದರಿಂದ ಮನುಷ್ಯರ ಮುಖ ಬೇಕಾಗಿತ್ತು. ಜನ ಏನೂ ಅನ್ನಬಾರದೆಂದು ಕಾಕು ನನ್ನನ್ನು ಪಡಸಾಲೆಯಲ್ಲೇ, ಕಾಕಾನ ಹೊರಸಿನ ಎದುರಿಗೇ, ಬಾಗಿಲಿಂದ ಬಿಸಿಲು ಬೀಳುವ ಕಡೆ ಮಣೆ ಹಾಕಿ ಕೂರಿಸಿದರು. ಮಗಳು ಬಿಸಿನೀರಿನ ಬಟ್ಟಲು ಹಿಡಿದು ನಿಂತಳು. ಕಾಕು ನನ್ನ ಎಡಗೆನ್ನೆಯ ಮೇಲೆ ಅಂಗೈ ಇಟ್ಟು ಚರ್ಮ ಎಳೆದು ಹಿಡಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಅಜ್ಜಿ ನನ್ನನ್ನು ಚೆನ್ನಾಗಿಯೇ ಸಾಕಿದಳು, ಉಣ್ಣಲು ಕಡಿಮೆ ಮಾಡಲಿಲ್ಲ, ಹೊಡೆಯಲೂ ಕಡಿಮೆ ಮಾಡಲಿಲ್ಲ. ಆದರೆ ಅಂಗೈ ತುಂಬ ಮುಖ ಹಿಡಿದು, ಇಷ್ಟು ಹತ್ತಿರ ಬಗ್ಗಿ, ಉಸಿರು ಬಿಗಿಹಿಡಿದು ಯಾರೂ ನನ್ನನ್ನು ನೋಡಿರಲಿಲ್ಲ. ಅರಿಸಿನ, ಸಾಬೂನು, ಒಲೆಯ ಹೊಗೆ ಎಲ್ಲ ಸೇರಿದ ವಾಸನೆ ಆ ಕೈಗೆ. ಕತ್ತಿ ಕಿವಿಯ ಕೆಳಗಿಂದ ಇಳಿಯುವಾಗ ನನಗೆ ಹೆದರಿಕೆಯಾಗಲಿಲ್ಲ, ಅಳು ಬಂತು. ಉರಿಯುತ್ತಿದೆಯೇ ಎಂದು ಕಾಕು ಕೇಳಿದರು. ಹೌದು ಅಂದೆ. ತಾಯಿಯ ಕೈ ಹೇಗಿರುತ್ತದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಆ ಕೈಯನ್ನೇ.

ಅವರು ನನ್ನ ಮುಖದ ಮೇಲೆ ಕಲಿಯುತ್ತಿದ್ದ ಆ ದಿನಗಳಲ್ಲಿ ಹೊರಸಿನ ಮೇಲಿನ ಕಂಬಳಿ ಸ್ವಲ್ಪ ಸ್ವಲ್ಪವೇ ಈ ಕಡೆ ಹೊರಳುತ್ತ ಬಂತು. ಮೊದಲು ಒಂದು ಕಣ್ಣು ಕಂಡಿತು. ಆಮೇಲೆ ದಾಡಿಯ ಮುಖ ಇಡೀ ನಮ್ಮ ಕಡೆ ತಿರುಗಿತು. ಕಾಕು ನೋಡಿಯೂ ನೋಡದವರ ಹಾಗೆ ಕೆಲಸ ಮಾಡುತ್ತಿದ್ದರು. ಒಂದು ದಿನ ನನ್ನ ಗದ್ದದ ಮೇಲೆ ಸಣ್ಣ ಗಾಯವಾಗಿ ರಕ್ತ ಒಸರಿತು. ಹೊರಸಿನಿಂದ ತೊದಲು ಮಾತು ಕೇಳಿತು.

"ಹುಡುಗನ ಮಾರಿ ಯಾಕ ಹಾಳ ಮಾಡ್ತಿ? ನಂದು ಹ್ಯಾಂಗೂ ಹಾಳಾಗ್ಯಾದ. ಇಲ್ಲಿ ಬಾ."

ಕಾಕು ಕತ್ತಿ ಒರೆಸಿದರು. ಅವಸರ ತೋರಿಸಲಿಲ್ಲ. ಮೊದಲು ನನ್ನ ಗದ್ದಕ್ಕೆ ಪಟಿಕ ಒತ್ತಿ, ಬಿಸಿನೀರು ಬದಲಾಯಿಸಿ ತರಲು ಮಗಳಿಗೆ ಹೇಳಿ, ಆಮೇಲೆ ಹೊರಸಿನ ಕಡೆ ಹೋದರು. ಅವರು ಒಂದು ಕಡೆ, ನಾನು ಇನ್ನೊಂದು ಕಡೆ ಹಿಡಿದು ಎತ್ತಿ, ಕಾಕಾನನ್ನು ಬಿಸಿಲಿಗೆ ತಂದು ಕೂರಿಸಿದೆ.

ಉದ್ದ ದಾಡಿಯನ್ನು ಕತ್ತರಿಯಿಂದ ಇಳಿಸಿ, ನೊರೆ ಬಳಿದು, ಆರಾಮಾಗಿದ್ದ ಎಡಗಡೆಯಿಂದ ಶುರು ಮಾಡಿದರು. ಅದು ಸುಲಭವಾಯಿತು. ಬಲಗಡೆ ಕೆನ್ನೆ ಜೋತುಬಿದ್ದದ್ದು, ಸ್ಪರ್ಶದ ಅರಿವೂ ಇಲ್ಲ, ಕೊಯ್ದರೂ ಆ ಮನುಷ್ಯನಿಗೆ ಗೊತ್ತಾಗುವುದಿಲ್ಲ. ಕಾಕು ಅಂಗೈ ಇಟ್ಟು ಆ ಕೆನ್ನೆಯನ್ನು ಮೇಲಕ್ಕೆ ಎಳೆದು ಹಿಡಿದರು, ಚರ್ಮ ಬಿಗಿಯಾಗದೆ ಕತ್ತಿ ನಡೆಯುವುದಿಲ್ಲ. ಹಾಗೆ ಹಿಡಿದಾಗ ಇಳಿದಿದ್ದ ತುಟಿಯ ತುದಿ ಮೇಲೆ ಬಂತು, ಬಾಗಿದ್ದ ಕಣ್ಣು ನೇರವಾಯಿತು, ಮೀಸೆ ಸಮವಾಯಿತು. ಒಂದು ಗಳಿಗೆ ಮೊದಲಿನ ಕಾಕಾ ನಮ್ಮೆದುರು ಕುಳಿತಿದ್ದರು. ಮಗಳು ಬಟ್ಟಲು ಕೆಳಗಿಟ್ಟಳು. ಕಾಕು ಕನ್ನಡಿ ತರಲು ನನಗೆ ಕಣ್ಣಲ್ಲೇ ಹೇಳಿದರು. ನಾನು ಹಿಡಿದ ಕನ್ನಡಿಯಲ್ಲಿ ಕಾಕಾ ತಮ್ಮನ್ನು ಬಹಳ ಹೊತ್ತು ನೋಡಿಕೊಂಡರು. ಕತ್ತಿಯ ಕೆಲಸ ಅಲ್ಲಿ ಮುಗಿದಿತ್ತು, ಆದರೂ ಕಾಕು ಕೈ ತೆಗೆಯಲಿಲ್ಲ.

ನಿಶ್ಚಯದ ದಿನ ಹುಮನಾಬಾದಿನವರು ಬಂದರು. ಜಮಖಾನದ ಮೇಲೆ ಕಾಕಾ ನುಣ್ಣನೆಯ ಮುಖ, ವಿಭೂತಿ, ರುಮಾಲಿನಲ್ಲಿ ಕುಳಿತಿದ್ದರು. ಬಾಯಿ ಸೊಟ್ಟಗೇ ಇತ್ತು, ಅದನ್ನು ಯಾರ ಕೈಯೂ ಎಲ್ಲರೆದುರು ಎತ್ತಿ ಹಿಡಿಯುವ ಹಾಗಿರಲಿಲ್ಲ. ಚಹಾ ಕುಡಿಯುವಾಗ ಗದ್ದದ ಮೇಲೆ ಇಳಿಯಿತು. ಬಂದವರು ಬಟ್ಟಲಲ್ಲಿ ಕಣ್ಣು ನೆಟ್ಟರು. ಒಳಬಾಗಿಲ ಮರೆಯಲ್ಲಿ ನಿಂತಿದ್ದ ಕಾಕುವಿನ ಬಳೆಯ ಸದ್ದೂ ನಿಂತಿತು. ಹುಡುಗನ ತಂದೆ ಏನಾದರೂ ಮಾತಾಡಬೇಕಲ್ಲ ಎಂದು, ದಾಡಿ ಬಹಳ ಚೊಕ್ಕ ಆಗಿದೆ, ಯಾರ ಕೈಯಲ್ಲಿ ಮಾಡಿಸಿದಿರಿ ಅಂದರು. ಕಾಕಾ ಸಾವಕಾಶ ಗದ್ದ ಒರೆಸಿಕೊಂಡು, "ನನ್ನ ಹೆಂಡ್ತಿ ಮಾಡ್ಯಾಳ್ರಿ" ಅಂದರು.

ಹೆಂಡತಿ ಉಸ್ತರಾ ಹಿಡಿಯುವುದುಂಟೆ? ಪಡಸಾಲೆಯೆಲ್ಲ ನಕ್ಕಿತು. ಇಷ್ಟಾದರೂ ಚೇಷ್ಟೆ ಬಿಟ್ಟಿಲ್ಲ ನೋಡ್ರಿ, ಬುದ್ಧಿಗೆ ಏನೂ ಆಗಿಲ್ಲ ಎಂದು ಬಂದವರು ಒಬ್ಬರಿಗೊಬ್ಬರು ಹೇಳಿಕೊಂಡರು. ಖರೆ ಹೇಳಿದ್ದಕ್ಕೆ ಇಷ್ಟು ನಗು ತಮಗೆ ಯಾವತ್ತೂ ಸಿಕ್ಕಿರಲಿಲ್ಲ ಎಂದು ಕಾಕಾ ಆಮೇಲೆ ನನಗೆ ಹೇಳಿದರು. ಎಲೆಯಡಿಕೆ ಬದಲಾಯಿತು, ಲಗ್ನವೂ ಆಯಿತು.

ಮಗಳು ಹುಮನಾಬಾದಿಗೆ ಹೋದ ಮೇಲೆ ಕಾಕಾ ಕೋಲು ಹಿಡಿದು ಅಂಗಡಿಗೆ ಹೋಗತೊಡಗಿದರು. ಸೊಟ್ಟ ಬಾಯಿಯಿಂದಲೇ ಜನರನ್ನು ನಗಿಸತೊಡಗಿದರು. ಮುಖ ಮುಚ್ಚಿಕೊಳ್ಳುವ ಕಾಲ ಹೋಯಿತು. ಓಣಿಯ ಕ್ಷೌರದವ ಒಂದು ದಿನ ನನ್ನನ್ನು ತಡೆದು, ಈಗಲಾದರೂ ಮೊದಲಿನ ಹಾಗೆ ಬರಬಹುದೇ ಕೇಳಿ ನೋಡಿ ಎಂದ. ಅವನಿಗೂ ಆ ಮನೆಯ ಕೆಲಸ ತಪ್ಪಿದ್ದರ ಬೇಸರವಿತ್ತು. ನಾನು ಕೇಳಿದೆ. ಕಾಕು, ಅವರ ಕೆನ್ನೆಯ ಉಬ್ಬು ತಗ್ಗು ಅವನಿಗೆ ಗೊತ್ತಾಗುವುದಿಲ್ಲ, ಕೊಯ್ದಾನು ಅಂದರು. ಕಾಕಾನನ್ನು ಕೇಳಿದರೆ, ತಮ್ಮದೇನು, ಮನೆಯಲ್ಲಿ ಹೇಳಿದ ಹಾಗೆ ಅಂದರು. ಮಾತು ಅಲ್ಲಿಗೆ ನಿಂತಿತು. ಕ್ಷೌರದವನಿಗೆ ಸುಗ್ಗಿಯಲ್ಲಿ ಕೊಡುವ ಜೋಳ ಮಾತ್ರ ಕಾಕು ಒಂದು ವರ್ಷವೂ ತಪ್ಪಿಸಲಿಲ್ಲ.

ನನಗೆ ಹುಮನಾಬಾದಿಗೆ ವರ್ಗವಾಯಿತು. ಮದುವೆ, ಮಕ್ಕಳು, ಮನೆ ಎಲ್ಲ ಅಲ್ಲೇ ಆದವು. ಬ್ಲೇಡು ಸಿಕ್ಕಿಸುವ ರೇಜರು ಕೊಂಡೆ, ಉಸ್ತರಾವನ್ನು ಕಾಕುಗೇ ಬಿಟ್ಟು ಬಂದಿದ್ದೆ. ಕಲ್ಯಾಣದ ಬಸ್ಸು ಹತ್ತಿ ಆಗಾಗ ಹೋಗುತ್ತಿದ್ದೆ. ಬೆಳಿಗ್ಗೆ ಮುಟ್ಟಿದರೆ ಪಡಸಾಲೆಯ ಬಾಗಿಲ ಬಿಸಿಲಲ್ಲಿ ಇಬ್ಬರೂ ಹಾಗೇ ಕುಳಿತಿರುತ್ತಿದ್ದರು, ಅವರ ಮುಖ ಮೇಲಕ್ಕೆ, ಇವರ ಮುಖ ಕೆಳಕ್ಕೆ. ನನ್ನನ್ನೂ ಮಣೆಯ ಮೇಲೆ ಕೂರಿಸುತ್ತಾರೇನೋ ಎಂದು ಆಸೆಯಿಂದ ದಾಡಿ ಮಾಡಿಕೊಳ್ಳದೇ ಹೋಗುತ್ತಿದ್ದೆ. ಸಂಸಾರಸ್ಥನಾದ ಮೇಲೆ ಅವರು ಕೂರಿಸಲಿಲ್ಲ. ನಾನು ಕೇಳಲಿಲ್ಲ.

ಕಾಕಾ ತೀರಿಕೊಂಡಾಗ ನಾನು ಮುಟ್ಟುವ ಹೊತ್ತಿಗೆ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಧರಿಸಿ, ರುಮಾಲು ಸುತ್ತಿ, ಹಾರ ಹಾಕಿ ಆಗಿತ್ತು. ಭಜನೆ ನಡೆದಿತ್ತು. ಮುಖ ನುಣ್ಣಗಿತ್ತು. ಆದರೆ ಬಲಗೆನ್ನೆಯ ಕೆಳಗೆ, ಕೂದಲು ಅಡ್ಡಡ್ಡ ಬೆಳೆಯುವ ಕಡೆ, ಕಾಕು ಹೆದರಿ ಒಂದು ಸಣ್ಣ ಗೆರೆಯಷ್ಟು ಯಾವಾಗಲೂ ಬಿಡುತ್ತಿದ್ದರು. ಆ ಗೆರೆ ಇರಲಿಲ್ಲ. ಕ್ಷೌರದವ ಮಾಡಿದ್ದಾನೆ ಎಂದು ಗೊತ್ತಾಯಿತು. ಹಿರಿಯರು ಹೆಂಗಸಿನ ಕೈಗೆ ಕತ್ತಿ ಕೊಡಲು ಒಪ್ಪಿರಲಿಲ್ಲ. ಕಾಕು ದೂರದಲ್ಲಿ ಹೆಂಗಸರ ನಡುವೆ ಕುಳಿತಿದ್ದರು. ಎರಡು ಕೈಯನ್ನೂ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದರು.

ಅದಾದ ಮೇಲೆ ಮಗಳು ಅವರನ್ನು ಹುಮನಾಬಾದಿಗೆ ಕರೆತಂದಳು. ಊರು ಅಷ್ಟರಲ್ಲಿ ಬದಲಾಗತೊಡಗಿತ್ತು, ಹೆದ್ದಾರಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದವು, ಗಾಳಿಗೆ ಬೇರೆ ವಾಸನೆ ಬರುತ್ತಿತ್ತು. ಕಾಕುವಿನ ಕಣ್ಣಿಗೆ ಪೊರೆ ಬಂದಿತ್ತು. ನಾನು ಹೋದಾಗಲೆಲ್ಲ ಬೆರಳ ಹಿಂಬದಿಯಿಂದ ನನ್ನ ಗಲ್ಲ ಮುಟ್ಟಿ ನೋಡಿ, ಉಲ್ಟಾ ಎಳೆದಿದ್ದೀಯ ಎಂದು ಬೈಯುತ್ತಿದ್ದರು. ಅಷ್ಟಕ್ಕಾಗಿ ನಾನು ಮಾರ್ಕೆಟ್ಟಿಗೆ ಹೋಗುವ ನೆಪ ಮಾಡಿ ಆ ಓಣಿಯಲ್ಲಿ ಹಾಯುತ್ತಿದ್ದೆ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರೊಬ್ಬರೇ ಇದ್ದರು. ಮಾತು ಎಲ್ಲಿಂದಲೋ ಎಲ್ಲಿಗೋ ಹೋಗಿ ಕಾಕಾನ ದಾಡಿಯ ಕಡೆ ಬಂತು. ಇಷ್ಟು ವರ್ಷ ಬಿಟ್ಟು ನಾನು ಮತ್ತೆ ಕೇಳಿದೆ. ಅಂಗಡಿಗೆ ಹೋಗುವಷ್ಟು ಆರಾಮಾದ ಮೇಲೂ ಆ ಕೆಲಸ ಕ್ಷೌರದವನಿಗೆ ಯಾಕೆ ಬಿಡಲಿಲ್ಲ?

ಕಾಕು, ತಾವು ಸೊಸೆಯಾಗಿ ಬಂದಾಗ ಮನೆ ತುಂಬ ಜನರಿದ್ದುದನ್ನು ಹೇಳಿದರು. ಅತ್ತೆಯ ಎದುರು ಗಂಡನ ಜೊತೆ ಮಾತಾಡುವ ಹಾಗಿರಲಿಲ್ಲ. ಊಟಕ್ಕೆ ಬಡಿಸುವಾಗ ತಲೆ ಎತ್ತುವ ಹಾಗಿರಲಿಲ್ಲ. ಆ ಜನರೆಲ್ಲ ಹೋಗಿ ಮನೆ ಖಾಲಿಯಾದ ಮೇಲೂ ರೂಢಿ ಹಾಗೇ ಉಳಿಯಿತು. ಅವರು ಅಂಗಡಿ, ಇವರು ಒಲೆ.

"ಮಗಳು ಲಗ್ನಕ್ಕ ಬರೂತನಕ ನಾ ಅವರ ಮಾರಿ ಬೆಳಕಿನ್ಯಾಗ ನೆಟ್ಟಗ ನೋಡಿದ್ದಿಲ್ಲ ತಮ್ಮಾ. ಅವರೂ ನಂದು ನೋಡಿದ್ದಿಲ್ಲ. ಉಸ್ತರಾ ಹಿಡದ ಮ್ಯಾಲ ನೋಡಿದ್ವಿ."

ಸೆರಗು ಬಾಯಿಗೆ ಹೋಯಿತು, ಆದರೆ ಅವರು ನಗುತ್ತಿರಲಿಲ್ಲ. ಸೋಮವಾರ ಮಾತ್ರ ಕತ್ತಿ ಮುಟ್ಟುವ ಹಾಗಿರಲಿಲ್ಲ, ಶಿವನ ವಾರ, ಅದೊಂದು ಶಾಸ್ತ್ರವನ್ನು ಅವರು ಮೀರುವವರಲ್ಲ. ಸೋಮವಾರ ಬೆಳಿಗ್ಗೆ ನೀರು ಕಾಯಿಸುತ್ತಿರಲಿಲ್ಲ, ಪಟ್ಟಿ ಬಿಚ್ಚುತ್ತಿರಲಿಲ್ಲ. ಆದರೂ ಕಾಕಾ ಕೋಲು ಊರಿಕೊಂಡು ಬಂದು ಬಿಸಿಲಲ್ಲಿ ಕುಳಿತು, ಮುಖ ಮೇಲಕ್ಕೆ ಎತ್ತಿ ಕಾಯುತ್ತಿದ್ದರಂತೆ.

"ಇವತ್ತ ಸೋಮವಾರ ಅದರಿ, ಅಂತಿದ್ದೆ. ಗೊತ್ತದ, ಅಂತಿದ್ರು. ಮಾರಿ ಇಳಿಸ್ತಿದ್ದಿಲ್ಲ."

ನೀವೇನು ಮಾಡುತ್ತಿದ್ದಿರಿ ಎಂದು ಕೇಳಿದೆ.

ಕಾಕು ಬಲಗೈಯನ್ನು ಮಡಿಲಲ್ಲೇ ಬಿಟ್ಟು, ಎಡಗೈ ಎತ್ತಿ, ತಮ್ಮೆದುರು ಗಾಳಿಯಲ್ಲಿ ಒಂದು ಕೆನ್ನೆಯಿದ್ದ ಹಾಗೆ ಅಂಗೈಯನ್ನು ಮೆಲ್ಲಗೆ ಮೇಲಕ್ಕೆ ಒಯ್ದು, ಅಲ್ಲೇ ಹಿಡಿದುಕೊಂಡು ಕುಳಿತರು.